ಹಳೆಯ ದೋಣಿಯ ಆರೈಕೆ

ಹೊಳೆದಂಡೆಯ ಊರುಗಳಲ್ಲಿ ಹುಟ್ಟಿ ಬೆಳೆದವರಿಗೆ ದೋಣಿಯೆಂಬುದು ಎತ್ತು, ಗಾಡಿ, ನೇಗಿಲುಗಳಂತೆ ಮನೆತನದ ಒಂದು ಆಸ್ತಿ. ಶಿವಮೊಗ್ಗ ತಾಲ್ಲೂಕಿನ ನಮ್ಮ ಹೊಳಲೂರು, ತುಂಗೆ ಭದ್ರೆಯರು ಒಂದಾಗುವ ಕೂಡಲಿ ಕ್ಷೇತ್ರಕ್ಕೆ ಸಮೀಪದ ಊರು. ಸೇತುವೆಗಳೂ ಒಳ್ಳೆಯ ರಸ್ತೆಗಳೂ ಆದಮೇಲೆ ಈ ಸೀಮೆಯಲ್ಲಿ ದೋಣಿಯ ಬಳಕೆ ಬಹುಮಟ್ಟಿಗೆ ತಗ್ಗಿದೆ. ಆದರೂ ಆಚೆಯ ದಡದಲ್ಲಿ ತೋಟ ಗದ್ದೆಗಳುಳ್ಳ ಕೆಲವರು, ಮೀನುಗಾರಿಕೆಯನ್ನೇ ನಂಬಿದ ಅಂಬಿಗ ಬಂಧುಗಳು ಇಂದಿಗೂ ದೋಣಿಯನ್ನೋ ಹರಿಗೋಲನ್ನೋ ಇಟ್ಟುಕೊಂಡಿದ್ದಾರೆ. ಇವುಗಳಲ್ಲಿ ಹೆಚ್ಚಿನವು ಹಳೆಯವು. ಹೊಸದನ್ನು ಮಾಡಿಸುವ ಶಕ್ತಿ ಎಲ್ಲರಿಗೂ ಇಲ್ಲ. ಮಾಡಿಕೊಡಬಲ್ಲ ಕೈಗಳೂ ಕಡಿಮೆಯಾಗುತ್ತಿವೆ. ಹೀಗಿರುವಾಗ ಹಳೆಯ ದೋಣಿಯ ಸಣ್ಣಪುಟ್ಟ ದೋಷಗಳನ್ನು ಹೇಗೆ ಕಂಡುಹಿಡಿಯಬೇಕು, ಹೇಗೆ ಸರಿಪಡಿಸಬೇಕು ಎಂಬುದು ನದಿಯ ದಂಡೆಯ ಮನೆಗಳಿಗೆ ಬರಿಯ ಕುತೂಹಲದ ವಿಷಯವಲ್ಲ, ಪ್ರಾಣದ ವಿಷಯ. ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗದಿಂದ ಕಲಿತ ಪಾಠವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನಡುಹೊಳೆಯ ಒಂದು ಸಂಜೆ

ನಮ್ಮ ದೋಣಿ ತಂದೆಯವರು ಮಾಡಿಸಿದ್ದು. ಹೊನ್ನೆಮರದ ಹಲಗೆಗಳದು, ನಾಲ್ಕು ದಶಕಗಳಿಗೂ ಮಿಕ್ಕಿ ಹೊಳೆಯನ್ನು ಕಂಡದ್ದು. ಆಚೆ ದಡದ ಅಡಕೆ ತೋಟಕ್ಕೆ ಹೋಗಿಬರಲು ಸೇತುವೆಯ ದಾರಿ ಬಹಳ ಸುತ್ತು. ದೋಣಿಯಲ್ಲಾದರೆ ಸ್ವಲ್ಪ ಹೊತ್ತಿನ ಕೆಲಸ. ತಂದೆಯವರು ಲಿಂಗೈಕ್ಯರಾದ ಮೇಲೆ ಅದರ ಹೊಣೆ ನನ್ನದಾಯಿತು. ಹೊಣೆಯೆಂದರೆ ನಾನು ತಿಳಿದದ್ದು ಇಷ್ಟೆ: ವರ್ಷಕ್ಕೊಮ್ಮೆ ತಳಕ್ಕೆ ಡಾಂಬರು ಬಳಿಯುವುದು. ತಳದಲ್ಲಿ ಬೆರಳುದ್ದ ನೀರು ಸೇರತೊಡಗಿ ಎರಡು ವರ್ಷಗಳಾಗಿದ್ದವು. ಹಳೆಯ ದೋಣಿ, ಒಂದಿಷ್ಟು ಸೋರುವುದು ಸಹಜ ಎಂದು ಸಮಾಧಾನ ಮಾಡಿಕೊಂಡು, ಆ ನೀರು ನಿಲ್ಲುತ್ತಿದ್ದ ಜಾಗಕ್ಕೆ ಇನ್ನೂ ಒಂದು ಪದರ ಡಾಂಬರು ಹಚ್ಚಿ ಸುಮ್ಮನಾಗುತ್ತಿದ್ದೆ.

2022ರ ದೀಪಾವಳಿ ಕಳೆದ ವಾರ. ಆ ವರ್ಷ ಮಳೆ ಹೆಚ್ಚು. ಹೊಳೆಯಲ್ಲಿ ಇನ್ನೂ ಸೆಳವಿತ್ತು. ತೋಟದಿಂದ ಮರಳುವಾಗ ದೋಣಿಯಲ್ಲಿ ನಾನು, ನನ್ನ ತಾಯಿ, ಹತ್ತು ವರ್ಷದ ಮಗಳು. ಜೊತೆಗೆ ಹಸಿ ಅಡಕೆಯ ಎರಡು ಚೀಲ, ಒಂದು ಬಾಳೆಗೊನೆ. ನಡುಹೊಳೆಗೆ ಬರುವಷ್ಟರಲ್ಲಿ ಮಗಳು, "ಅಪ್ಪಾ, ಕಾಲು ಒದ್ದೆಯಾಗ್ತಿದೆ" ಎಂದಳು. ನೋಡುವಷ್ಟರಲ್ಲಿ ನೀರು ಪಾದವನ್ನು ಮುಚ್ಚಿತ್ತು. ನಾನು ಹುಟ್ಟು ಬಿಡುವಂತಿರಲಿಲ್ಲ. ಮಗಳು ಊಟದ ಡಬ್ಬಿಯಿಂದ ನೀರು ಮೊಗೆದು ಚೆಲ್ಲತೊಡಗಿದಳು. ತಾಯಿಯವರು ಒಂದು ಕೈಯಿಂದ ಮೊಮ್ಮಗಳ ಲಂಗವನ್ನು ಬಿಗಿಹಿಡಿದು, ಇನ್ನೊಂದು ಕೈಯನ್ನು ಎದೆಯ ಮೇಲಿನ ಕರಡಿಗೆಯ ಮೇಲಿಟ್ಟುಕೊಂಡು ಮಾತಿಲ್ಲದೆ ಕುಳಿತಿದ್ದರು. ಅಡಕೆ ಚೀಲಗಳನ್ನು ಹೊಳೆಗೆ ನೂಕಿದೆ. ವಿಚಿತ್ರವೆಂದರೆ, ಹೊರೆ ಇಳಿದ ಕೂಡಲೇ ನೀರು ಬರುವ ರಭಸ ತಗ್ಗಿತು. ದಡ ಸೇರಿದೆವು. ತಾಯಿಯವರು ಮನೆಗೆ ಬಂದವರೇ ಆಡಿದ ಮಾತು ಒಂದೇ: "ಇನ್ನು ಆ ದೋಣಿಗೆ ನಾನು ಕಾಲಿಡುವುದಿಲ್ಲ, ಮಗೂನೂ ಕೂರಿಸಬೇಡ."

ಮರುದಿನವೇ ದೋಣಿಯನ್ನು ಒಡೆದು ಸೌದೆ ಮಾಡುವುದೆಂದು ನಿಶ್ಚಯಿಸಿದೆ. ಕೊಡಲಿ ತರುವ ಮೊದಲು ಊರಿನ ಹಿರಿಯ ಅಂಬಿಗರೊಬ್ಬರಿಗೆ ತೋರಿಸೋಣವೆನಿಸಿತು. ತಂದೆಯವರ ಕಾಲದಿಂದ ನಮ್ಮ ಮನೆಗೆ ಬೇಕಾದವರು. ಈಗ ಹೊಳೆಗೆ ಇಳಿಯದಷ್ಟು ವಯಸ್ಸು. ಅವರು ದೋಣಿಯ ಸುತ್ತ ಎರಡು ಬಾರಿ ನಡೆದರು. ಹಲಗೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಆಮೇಲೆ ಹೇಳಿದರು: "ಗೌಡ್ರೇ, ಮರ ಗಟ್ಟಿಯಾಗೇ ಇದೆ. ನೀವು ನೀರು ನಿಂತ ಜಾಗಕ್ಕೆ ಡಾಂಬರು ಹಾಕ್ತಾ ಬಂದೀರಿ. ನೀರು ಎಲ್ಲಿಂದ ಬಂತು ಅಂತ ನೋಡಿಲ್ಲ."

"ಮತ್ತೇನು ಮಾಡೋದು ಅಜ್ಜಾ?" ಎಂದೆ.

"ಈಗೇನೂ ಮಾಡಬೇಡಿ. ನೆರಳಲ್ಲಿ ಕವುಚಿ ಹಾಕಿ. ಯುಗಾದಿ ಕಳೀಲಿ, ನಾನು ಬಂದು ಕೂರ್ತೀನಿ" ಎಂದರು.

ದೋಷವನ್ನು ಹುಡುಕುವ ಬಗೆ

2023ರ ಯುಗಾದಿ ಕಳೆದು ಬಿಸಿಲೇರಿದಾಗ ಕೆಲಸ ಆರಂಭವಾಯಿತು. ಅಜ್ಜನು ನೆರಳಲ್ಲಿ ಕುಳಿತು ಹೇಳುವುದು, ನಾನೂ ಊರಿನ ಬಡಗಿಯೂ ಮಾಡುವುದು. ಮೊದಲ ಮೂರು ದಿನ ಒಂದು ಮೊಳೆಯನ್ನೂ ಮುಟ್ಟಗೊಡಲಿಲ್ಲ. ಕೆಸರು, ಪಾಚಿ, ಹಳೆಯ ಡಾಂಬರಿನ ಪದರಗಳನ್ನು ಕೆರೆದು ತೆಗೆಯುವುದೇ ಕೆಲಸ. ಕೆಲವೆಡೆ ಡಾಂಬರು ಅರ್ಧ ಬೆರಳಿನಷ್ಟು ದಪ್ಪವಾಗಿತ್ತು. ಅದರಡಿಯಲ್ಲಿ ತೇವ ಸಿಕ್ಕಿಬಿದ್ದು ಹಲಗೆ ಕಪ್ಪಾಗಿತ್ತು. ಹಸಿ ಮರದ ಮೇಲೆ ಡಾಂಬರು ಬಳಿದರೆ ನೀರು ಹೊರಗಿನಿಂದ ಬರುವುದಿರಲಿ, ಒಳಗಿನ ನೀರು ಹೊರಹೋಗುವುದೂ ನಿಲ್ಲುತ್ತದೆ. ಮರ ಅಲ್ಲಿಯೇ ಕೊಳೆಯುತ್ತದೆ. ದೋಷವನ್ನು ಮುಚ್ಚುವುದಕ್ಕೂ ಸರಿಪಡಿಸುವುದಕ್ಕೂ ಇರುವ ಭೇದ ನನಗೆ ಮೊದಲು ತಿಳಿದದ್ದು ಅಲ್ಲಿ.

ಅನಂತರ ಸೋರುವ ಜಾಗವನ್ನು ಹುಡುಕುವ ಕೆಲಸ. ಇದಕ್ಕೆ ಅಂಬಿಗರು ಬಳಸುವ ಉಪಾಯ ಬಹು ಸರಳ. ದೋಣಿಯನ್ನು ಮರದ ದಿಮ್ಮಿಗಳ ಮೇಲೆ ಅಲುಗದಂತೆ ಕೂರಿಸಿ, ಹೊರಮೈಯನ್ನು ಚೆನ್ನಾಗಿ ಒರೆಸಿ ಒಣಗಿಸಿ, ಒಳಗೆ ಕೆಲವು ಕೊಡ ನೀರು ಸುರಿಯಬೇಕು. ಹೊರಗೆ ಎಲ್ಲಿ ಹನಿಯುವುದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ದೋಣಿಯ ತುಂಬ ನೀರು ತುಂಬಿಸಬಾರದು. ನೀರಿನಲ್ಲಿರುವಾಗ ಹೊರಗಿನ ನೀರು ಹಲಗೆಗಳನ್ನು ಒತ್ತಿ ಹಿಡಿದಿರುತ್ತದೆ. ನೆಲದ ಮೇಲೆ ಆ ಆಸರೆಯಿಲ್ಲ. ಒಳಗಿನ ಭಾರಕ್ಕೆ ಸಂದುಗಳು ಬಾಯಿಬಿಟ್ಟಾವು. ಆದುದರಿಂದ ಸ್ವಲ್ಪವೇ ನೀರು ಹಾಕಿ, ದೋಣಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮುಂದಕ್ಕೆ, ಹಿಂದಕ್ಕೆ ವಾಲಿಸಿ ಪ್ರತಿಯೊಂದು ಭಾಗವನ್ನೂ ಪರೀಕ್ಷಿಸಬೇಕು.

ಹಾಗೆ ಮಾಡಿದಾಗ, ನಾನು ವರ್ಷಗಟ್ಟಲೆ ಡಾಂಬರು ಹಚ್ಚಿದ್ದ ತಳದಲ್ಲಿ ಒಂದು ಹನಿಯೂ ಹೊರಬರಲಿಲ್ಲ. ದೋಣಿಯನ್ನು ಬಲಕ್ಕೆ ವಾಲಿಸಿದಾಗ, ಹಿಂಭಾಗದ ಪಕ್ಕದ ಹಲಗೆಯ ಮೇಲಿನ ಸಂದಿನಿಂದ ನೀರು ಎಳೆಯಾಗಿ ಇಳಿಯಿತು. ಆಗ ನಡುಹೊಳೆಯ ಸಂಗತಿ ಅರ್ಥವಾಯಿತು. ಆ ಸಂದು ದೋಣಿ ಖಾಲಿಯಿದ್ದಾಗ ನೀರಿನ ಮೇಲಿರುತ್ತದೆ. ಮೇಲಿರುವುದರಿಂದ ಬಿಸಿಲಿಗೆ ಒಣಗಿ, ಹಲಗೆ ಸೆಟೆದು, ಬಿರುಕು ಹಿಗ್ಗಿದೆ. ಹೊರೆ ಹೇರಿದಾಗ ದೋಣಿ ತಗ್ಗಿ, ಅದು ನೀರಿನೊಳಗೆ ಹೋಗುತ್ತದೆ. ಅಲ್ಲಿಂದ ಒಳಬಂದ ನೀರು ಹಲಗೆಗುಂಟ ಹರಿದು ಅತಿ ತಗ್ಗಿನ ಜಾಗದಲ್ಲಿ ಬಂದು ನಿಲ್ಲುತ್ತದೆ. ನಾನು ನೋಡಿದ್ದು ನಿಂತ ನೀರನ್ನು. ಖಾಲಿ ದೋಣಿ ಸೋರದೆ, ತುಂಬಿದ ದೋಣಿ ಸೋರಿದರೆ ದೋಷವನ್ನು ಮೇಲಿನ ಸಂದುಗಳಲ್ಲಿ ಹುಡುಕಬೇಕು; ಖಾಲಿಯಿದ್ದಾಗಲೂ ಸೋರಿದರೆ ತಳದಲ್ಲಿ ಹುಡುಕಬೇಕು. ಇಷ್ಟು ತಿಳಿದಿದ್ದರೆ ಎರಡು ವರ್ಷದ ಡಾಂಬರೂ ಆ ಸಂಜೆಯ ಭಯವೂ ಉಳಿಯುತ್ತಿದ್ದವು.

ಮರದ ಆರೋಗ್ಯವನ್ನು ನೋಡುವುದಕ್ಕೂ ಒಂದು ಕ್ರಮವುಂಟು. ಕೊಡತಿಯಿಂದ ಮೆಲ್ಲನೆ ತಟ್ಟಿದರೆ ಗಟ್ಟಿ ಮರ ಖಣಖಣಿಸುತ್ತದೆ. ಕೊಳೆತ ಮರ ಬೊದ್ದು ಸದ್ದು ಕೊಡುತ್ತದೆ. ಸಂಶಯವಿದ್ದಲ್ಲಿ ದಬ್ಬಣದಿಂದ ಚುಚ್ಚಿ ನೋಡಬೇಕು. ಒತ್ತಡವಿಲ್ಲದೆ ಒಳಹೋದರೆ ಆ ಭಾಗವನ್ನು ಕತ್ತರಿಸಿ ಹೊಸ ತುಂಡು ಕೂರಿಸಲೇಬೇಕು. ಕೊಳೆ ಸಾಮಾನ್ಯವಾಗಿ ಆರಂಭವಾಗುವುದು ಹೊಳೆಯ ನೀರು ತಾಗುವಲ್ಲಿ ಅಲ್ಲ, ಮಳೆಯ ನೀರು ನಿಲ್ಲುವಲ್ಲಿ: ಒಳಗಿನ ಅಡ್ಡಮರಗಳ ಬುಡ, ಮೂಲೆಗಳು, ಕೂರುವ ಹಲಗೆಯ ಕೆಳಗೆ. ಸದಾ ಮುಳುಗಿರುವ ಮರವಾಗಲಿ ಸದಾ ಒಣಗಿರುವ ಮರವಾಗಲಿ ಬೇಗ ಕೊಳೆಯದು. ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಮರಕ್ಕೇ ಅಪಾಯ. ಆದ್ದರಿಂದ ದಡದಲ್ಲಿಟ್ಟ ದೋಣಿಯನ್ನು ಕವುಚಿಯೇ ಇಡಬೇಕೆಂಬುದು ಹಿರಿಯರ ಕಟ್ಟಳೆ.

ಸರಿಪಡಿಸುವ ಬಗೆ

ಸಂದಿನೊಳಗಿನ ಹಳೆಯ ನಾರು, ಡಾಂಬರುಗಳನ್ನು ಕೊಕ್ಕೆಯಂಥ ಉಳಿಯಿಂದ ಪೂರ್ತಿಯಾಗಿ ತೆಗೆದೆವು. ಹಳೆಯದರ ಮೇಲೆಯೇ ಹೊಸದನ್ನು ತುರುಕಿದರೆ ಅದು ನಿಲ್ಲುವುದಿಲ್ಲ. ಎಣ್ಣೆಯಲ್ಲಿ ನೆನೆಸಿದ ಹತ್ತಿಯ ದಾರವನ್ನು ಸಡಿಲವಾಗಿ ಹೊಸೆದು, ಮೊಂಡು ಉಳಿ ಮತ್ತು ಕೊಡತಿಗಳಿಂದ ಸಂದಿಗೆ ಸ್ವಲ್ಪಸ್ವಲ್ಪವಾಗಿ ಕೂರಿಸಿದೆವು. ಇಲ್ಲಿ ಬಡಗಿ ತನ್ನ ಬಲವನ್ನೆಲ್ಲ ಹಾಕಹೊರಟಾಗ ಅಜ್ಜನು ತಡೆದನು. ಮರ ನೀರು ಕುಡಿದು ಹಿಗ್ಗುತ್ತದೆ. ಒಣಗಿದಾಗಲೇ ಸಂದನ್ನು ಕಲ್ಲಿನಂತೆ ತುಂಬಿದರೆ, ಹಿಗ್ಗಿದ ಹಲಗೆಗಳು ಒಂದನ್ನೊಂದು ನೂಕಿ ಮೊಳೆಗಳನ್ನು ಸಡಿಲಿಸುತ್ತವೆ, ಇಲ್ಲವೇ ಒಳಗಿನ ಅಡ್ಡಮರವನ್ನು ಸೀಳುತ್ತವೆ. ಅದರ ಮೇಲೆ ರಾಳವನ್ನು ಎಣ್ಣೆಯಲ್ಲಿ ಕರಗಿಸಿದ ಅಂಟನ್ನು ಬೆಚ್ಚಗಿರುವಾಗಲೇ ಹಚ್ಚಿದೆವು. ಈ ಅಂಟನ್ನು ಕಾಯಿಸುವಾಗ ಬಹು ಎಚ್ಚರ ಬೇಕು; ರಾಳವೂ ಎಣ್ಣೆಯೂ ಕ್ಷಣದಲ್ಲಿ ಹೊತ್ತಿಕೊಳ್ಳುವ ವಸ್ತುಗಳು. ಮನೆಯೊಳಗೆ ಒಲೆಯ ಮೇಲೆ ಎಂದೂ ಕಾಯಿಸಬಾರದು. ಬಯಲಲ್ಲಿ, ಮೆಲುಗೆಂಡದ ಮೇಲೆ, ಮಕ್ಕಳನ್ನು ದೂರವಿರಿಸಿ ಮಾಡತಕ್ಕ ಕೆಲಸವಿದು. ಪಕ್ಕದಲ್ಲಿ ಮರಳಿನ ಬುಟ್ಟಿಯಿರಲಿ. ಹೊತ್ತಿದ ಎಣ್ಣೆಗೆ ನೀರು ಸುರಿದರೆ ಬೆಂಕಿ ಸಿಡಿಯುತ್ತದೆ.

ಮುಂದಿನದು ಮೊಳೆಗಳ ಸರದಿ. ಕಬ್ಬಿಣದ ಮೊಳೆಯ ಸುತ್ತ ಮರ ಕಪ್ಪುಗಟ್ಟಿದ್ದರೆ ಅದು ತುಕ್ಕಿನ ಗುರುತು. ತುಕ್ಕು ಹಿಡಿದ ಮೊಳೆ ಸಣಕಲಾಗುತ್ತದೆ, ಅದರ ತೂತು ದೊಡ್ಡದಾಗುತ್ತದೆ. ಅದೇ ತೂತಿಗೆ ಹೊಸ ಮೊಳೆ ಬಡಿದರೆ ಅದು ಹಿಡಿಯುವುದಿಲ್ಲ. ತೂತಿಗೆ ಸರಿಯಾಗಿ ಒಣಮರದ ಬೆಣೆ ಹೊಡೆದು, ಮೇಲ್ಮೈಗೆ ಸಮನಾಗಿ ಕೊಯ್ದು, ಪಕ್ಕದಲ್ಲಿ ಹೊಸ ಜಾಗ ನೋಡಿ ಮೊಳೆ ಹಾಕಬೇಕು. ತಾಮ್ರದ ಮೊಳೆಯಾದರೆ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಆದರೆ ಕಬ್ಬಿಣ ತಾಮ್ರಗಳೆರಡನ್ನೂ ಒಂದಕ್ಕೊಂದು ತಾಗುವಂತೆ ಹಾಕಬಾರದು. ನೀರು ಸೋಕಿದಾಗ ಕಬ್ಬಿಣ ಮತ್ತಷ್ಟು ಬೇಗ ಸವೆಯುತ್ತದೆ.

ಇಷ್ಟೆಲ್ಲ ಆಗಿ, ಮರ ಚೆನ್ನಾಗಿ ಒಣಗಿದ ಮೇಲೆ ಹೊರಮೈಗೆ ತೆಳ್ಳಗೆ ಒಂದೇ ಒಂದು ಪದರ ಡಾಂಬರು ಬಳಿದೆವು. ನಾನು ಮೊದಲು ಮಾಡುತ್ತಿದ್ದ ಕೆಲಸ ಇಲ್ಲಿ ಕೊನೆಯದಾಗಿತ್ತು.

ದೋಣಿಯ ಜೊತೆಗಿನ ಸಾಮಾನುಗಳನ್ನೂ ಮರೆಯುವಂತಿಲ್ಲ. ಹುಟ್ಟಿನ ಎಲೆಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಸೆಳವಿನಲ್ಲಿ ಅದು ಮುರಿಯುತ್ತದೆ. ಸೀಳಿನ ಎರಡು ಕಡೆ ತಂತಿಯಿಂದಲೋ ಗಟ್ಟಿ ದಾರದಿಂದಲೋ ಬಿಗಿಯಬೇಕು, ಮತ್ತು ಇನ್ನೊಂದು ಹುಟ್ಟನ್ನು ದೋಣಿಯಲ್ಲಿ ಇಟ್ಟುಕೊಂಡೇ ಹೊರಡಬೇಕು. ಹಗ್ಗ ಸವೆಯುವುದು ಸದಾ ಬಳೆಗೆ ಉಜ್ಜುವ ಒಂದೇ ಕಡೆ. ವರ್ಷಕ್ಕೊಮ್ಮೆ ತುದಿ ಬದಲಿಸಿ ಕಟ್ಟಿದರೆ ಅದೇ ಹಗ್ಗ ಎರಡರಷ್ಟು ಕಾಲ ಬಾಳುತ್ತದೆ.

ಹರಿಗೋಲಿನ ಸಂಗತಿ

ನಮ್ಮ ತುಂಗಭದ್ರೆಯ ನಿಜವಾದ ವಾಹನವೆಂದರೆ ಹರಿಗೋಲು. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಇದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ, ಹೊರಗೆ ಚರ್ಮ ಹೊದಿಸಿದ ದೋಣಿಗಳು 15-20 ಜನರನ್ನು ಸಾಗಿಸುತ್ತವೆ, ಅವಶ್ಯಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ, ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಸಾಗುತ್ತವೆ ಎಂಬುದು ಅವನ ವರ್ಣನೆಯ ಸಾರ. ಇಂದು ಚರ್ಮದ ಸ್ಥಾನದಲ್ಲಿ ಗೋಣಿ, ಪ್ಲಾಸ್ಟಿಕ್ ಹಾಳೆ, ಡಾಂಬರುಗಳು ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಹಾಗೆಯೇ ಇದೆ.

ಹರಿಗೋಲಿನ ದೋಷಗಳು ಎರಡು ಬಗೆ. ಹೊದಿಕೆ ಹರಿಯುವುದು ಒಂದು, ಬಿದಿರು ಮುರಿಯುವುದು ಇನ್ನೊಂದು. ಹೊದಿಕೆಯ ತೂತು ಕಣ್ಣಿಗೆ ಕಾಣದಿದ್ದರೆ ಹರಿಗೋಲನ್ನು ಬಿಸಿಲಿಗೆ ಎದುರಾಗಿ ಎತ್ತಿ ಹಿಡಿದು ಒಳಗಿನಿಂದ ನೋಡಬೇಕು. ಬೆಳಕಿನ ಚುಕ್ಕಿ ಕಾಣುವಲ್ಲಿ ತೂತಿರುತ್ತದೆ. ಡಾಂಬರು ಹೆಚ್ಚಾಗಿ ಬೆಳಕು ತೂರದಿದ್ದರೆ ಒಳಗೆ ನೀರು ಹಾಕಿ ಹೊರಗೆ ನೋಡುವುದೇ ದಾರಿ. ತೇಪೆ ಹಾಕುವಾಗ ತೂತಿನ ಸುತ್ತ ಒಂದು ಗೇಣಗಲ ಕೆರೆದು ಒಣಗಿಸಿ ಹಚ್ಚಬೇಕು. ಆದರೆ ಮೊದಲು ಕೇಳಬೇಕಾದ ಪ್ರಶ್ನೆ, ಹೊದಿಕೆ ಅಲ್ಲಿಯೇ ಏಕೆ ಹರಿಯಿತು ಎಂಬುದು. ಅನೇಕ ವೇಳೆ ಒಳಗೆ ಒಂದು ಬಿದಿರಿನ ದಬ್ಬೆ ಮುರಿದು ಅದರ ಮೊನೆ ಹೊದಿಕೆಯನ್ನು ಚುಚ್ಚಿರುತ್ತದೆ. ದಬ್ಬೆಯನ್ನು ಬದಲಿಸದೆ ತೇಪೆ ಹಾಕಿದರೆ ಎಂಟು ದಿನದಲ್ಲಿ ಮತ್ತೆ ಅದೇ ಜಾಗದಲ್ಲಿ ತೂತು. ಹೊಸ ದಬ್ಬೆಗಳಿಗೆ ಬಿದಿರನ್ನು ಕೆಲವು ವಾರ ಹರಿಯುವ ನೀರಿನಲ್ಲಿ ನೆನೆಹಾಕಿದರೆ ಅದರ ಸತ್ತ್ವ ಕರಗಿಹೋಗಿ, ಹುಳು ಬೀಳುವುದು ಬಹಳ ತಗ್ಗುತ್ತದೆ.

ಈಚೆಗೆ ಫೈಬರ್ ದೋಣಿಗಳೂ ಬಂದಿವೆ. ಇವು ಕೊಳೆಯುವುದಿಲ್ಲ. ಆದರೆ ಕಲ್ಲಿಗೆ ತಾಗಿ ಬಿರುಕುಬಿಟ್ಟಾಗ ಒಳಪದರಕ್ಕೆ ನೀರು ಸೇರುತ್ತದೆ. ಬಿರುಕನ್ನು ಉಜ್ಜಿ, ತೇವವೆಲ್ಲ ಆರುವವರೆಗೆ ಕಾದು, ಆಮೇಲೆ ರೆಸಿನ್ ಹಾಗೂ ಗಾಜುನಾರಿನ ಬಟ್ಟೆಯಿಂದ ತೇಪೆ ಹಾಕಬೇಕು. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಡುಕು. ಮೂಗು ಬಾಯಿಗಳನ್ನು ಮುಚ್ಚಿಕೊಳ್ಳುವುದು ಅವಶ್ಯ. ಮರವಿರಲಿ, ಬಿದಿರಿರಲಿ, ಫೈಬರ್ ಇರಲಿ, ಒದ್ದೆಯ ಮೇಲೆ ತೇಪೆ ನಿಲ್ಲದು.

ಕಡಲಿನ ಹಾಯಿದೋಣಿಗಳು

ನದಿಯ ದೋಣಿಗೆ ಹುಟ್ಟೋ ಗಳುವೋ ಸಾಕು. ಕಡಲಿನಲ್ಲಿ ಗಾಳಿಯನ್ನು ನಂಬಿದ ಹಾಯಿದೋಣಿಗೆ ದೋಷದ ಮೂಲಗಳು ಇನ್ನೂ ಹೆಚ್ಚು. ಮಂಗಳೂರಿನ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿಗಳು ಹಿಂದೆ ಹಾಯಿಯಿಂದಲೇ ಓಡಿದವು. ಮುಂದೆ ಇಂಜಿನ್ ಬಂದಿತು. ಉಪ್ಪುನೀರಿನಲ್ಲಿ ಮರವನ್ನು ಕೊರೆದು ಜಾಲರಿಯಂತೆ ಮಾಡುವ ಕಡಲಹುಳುವಿನ ಕಾಟವುಂಟು. ಅದಕ್ಕಾಗಿ ಕರಾವಳಿಯವರು ಮೀನೆಣ್ಣೆಯನ್ನೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಮರಕ್ಕೆ ಕುಡಿಸುತ್ತ ಬಂದಿದ್ದಾರೆ. ಹಾಯಿಯ ಬಟ್ಟೆ ಹರಿಯುವ ಮುನ್ನ ಹೊಲಿಗೆ ಬಿಡುತ್ತದೆ. ಬಿಸಿಲಿಗೆ ಮೊದಲು ಸೋಲುವುದು ದಾರ. ಒಂದು ಗೇಣು ಹೊಲಿಗೆ ಬಿಟ್ಟಾಗ ಸೂಜಿ ಹಿಡಿದವನು ಬಿರುಗಾಳಿಯ ದಿನ ಇಡೀ ಹಾಯಿಯನ್ನು ಉಳಿಸಿಕೊಳ್ಳುತ್ತಾನೆ.

ನಮ್ಮ ದೋಣಿ ಅಂಗಳದಲ್ಲಿ ಕವುಚಿ ಮಲಗಿದ್ದ ಆ ದಿನಗಳಲ್ಲಿಯೇ, ಬಸವ ಜಯಂತಿ ಕಳೆದ ವಾರದಲ್ಲಿ, ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂದಿತು. ನಿವೃತ್ತ ನೌಕಾ ಅಧಿಕಾರಿ ಅಭಿಲಾಷ್ ಟಾಮಿಯವರು ಗೋಲ್ಡನ್ ಗ್ಲೋಬ್ ಎಂಬ ಸ್ಪರ್ಧೆಯಲ್ಲಿ ಒಬ್ಬರೇ ಹಾಯಿನೌಕೆಯಲ್ಲಿ, ಎಲ್ಲಿಯೂ ನಿಲ್ಲದೆ ಭೂಮಂಡಲವನ್ನು ಸುತ್ತಿ, 236 ದಿನಗಳ ಯಾನದ ಬಳಿಕ 2023ರ ಏಪ್ರಿಲ್ 29ರಂದು ಫ್ರಾನ್ಸಿನ ದಡ ಸೇರಿ ಎರಡನೆಯ ಸ್ಥಾನ ಪಡೆದಿದ್ದರು. ಮೊದಲ ಸ್ಥಾನ ದಕ್ಷಿಣ ಆಫ್ರಿಕದ ಮಹಿಳೆ ಕರ್ಸ್ಟನ್ ನಾಯ್‌ಶೇಫರ್ ಅವರಿಗೆ ಸಂದಿತ್ತು. ಈ ಸ್ಪರ್ಧೆಯ ನಿಯಮವೇ ವಿಲಕ್ಷಣ: ನೌಕೆ 1988ಕ್ಕಿಂತ ಹಿಂದಿನ ವಿನ್ಯಾಸದ್ದಾಗಿರಬೇಕು, ಉಪಗ್ರಹಗಳ ನೆರವಿನಿಂದ ದಾರಿ ನೋಡುವಂತಿಲ್ಲ, ಹೊರಗಿನ ಸಹಾಯವಿಲ್ಲದೆ ತನ್ನ ರಿಪೇರಿಯನ್ನು ತಾನೇ ಮಾಡಿಕೊಳ್ಳಬೇಕು. ಹೊರಟ 16 ನೌಕೆಗಳಲ್ಲಿ ಎಲ್ಲಿಯೂ ನಿಲ್ಲದೆ ಗುರಿ ಮುಟ್ಟಿದವು 3 ಮಾತ್ರ. 2018ರ ಇದೇ ಸ್ಪರ್ಧೆಯಲ್ಲಿ ಟಾಮಿಯವರ ನೌಕೆಯ ಕೂವೆಮರ ಬಿರುಗಾಳಿಗೆ ಮುರಿದು, ಅವರ ಬೆನ್ನೆಲುಬಿಗೆ ಪೆಟ್ಟಾಗಿ, ನಡುಗಡಲಿನಿಂದ ಅವರನ್ನು ರಕ್ಷಿಸಿ ತರಬೇಕಾಯಿತು. ಮತ್ತೆ ಹೊರಟಾಗ ಗಾಳಿಯ ಬಲದಿಂದ ನೌಕೆಯ ದಿಕ್ಕನ್ನು ಕಾಯುವ ಸಾಧನ ಕೆಟ್ಟಿತು. ಅವರು ನೌಕೆಯ ಶೌಚಕೋಣೆಯ ಬಾಗಿಲನ್ನೇ ಕೊಯ್ದು ಅದಕ್ಕೆ ಬೇಕಾದ ಹಲಗೆ ಮಾಡಿಕೊಂಡು ಮುಂದೆ ಸಾಗಿದರು.

ಈ ಸುದ್ದಿಯನ್ನು ಮಗಳು ಅಜ್ಜನಿಗೆ ಓದಿ ಹೇಳಿದಳು. ಅಜ್ಜನು ಕೇಳಿದ್ದು ಒಂದೇ ಪ್ರಶ್ನೆ: "ಬಾಗಿಲು ಕೊಯ್ಯೋ ಮುಂಚೆ ಅಳತೆ ತಗೊಂಡಿದ್ರಂತಾ?" ನಾವೆಲ್ಲ ನಕ್ಕೆವು; ಬಡಗಿ ಮಾತ್ರ ನಗಲಿಲ್ಲ. ಆ ಬೆಳಿಗ್ಗೆಯಷ್ಟೇ ಅವನು ಒಂದು ಹಲಗೆಯನ್ನು ಅಳೆಯದೆ ಕೊಯ್ದು ಬೈಸಿಕೊಂಡಿದ್ದನು.

ರಿಪೇರಿಯ ಮಿತಿ

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಲೇಖನ ಅಪೂರ್ಣ. ದೋಣಿ ಎಷ್ಟೇ ಗಟ್ಟಿಯಿರಲಿ, ಅದರ ಶಕ್ತಿಯನ್ನು ಮೀರಿ ಹೇರಿದ ಹೊರೆಗೆ ಯಾವ ರಿಪೇರಿಯೂ ಉತ್ತರವಲ್ಲ. 2016ರ ಸೆಪ್ಟೆಂಬರಿನಲ್ಲಿ ನಮ್ಮ ಶಿವಮೊಗ್ಗ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಗಣಪತಿಯನ್ನು ಬಿಡಲು ಹೊಳೆಗೆ ಇಳಿದ ತೆಪ್ಪ ಮಗುಚಿ ಅನೇಕ ತರುಣರು ನೀರುಪಾಲಾದುದನ್ನು ಈ ಸೀಮೆಯ ಯಾವ ತಾಯಿಯೂ ಮರೆತಿಲ್ಲ. ಮಿತಿಮೀರಿ ಜನ ಹತ್ತಿದ್ದ ತೆಪ್ಪವದು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಮಂದಿ ಅಸುನೀಗಿದರು. ಹಬ್ಬ ಜಾತ್ರೆಗಳ ಸಂಭ್ರಮದಲ್ಲಿ "ಇನ್ನೊಬ್ಬರು ಹತ್ತಲಿ" ಎಂಬ ದಾಕ್ಷಿಣ್ಯ ಎಷ್ಟು ಮನೆಗಳ ದೀಪ ಆರಿಸಬಲ್ಲದು!

ಆದುದರಿಂದ ನಮ್ಮ ಮನೆಯಲ್ಲಿ ಈಗ ಕೆಲವು ಕಟ್ಟಳೆಗಳಿವೆ. ಹೊರೆ ಹೇರಿದ ಮೇಲೆ ದೋಣಿಯ ಅಂಚು ನೀರಿನಿಂದ ಒಂದು ಗೇಣಿಗಿಂತ ಕಡಿಮೆ ಉಳಿದರೆ ಹೊರಡುವಂತಿಲ್ಲ. ಹತ್ತುವ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್. ಅದನ್ನು ಕೆಳಗಿಟ್ಟುಕೊಳ್ಳುವುದಲ್ಲ, ತೊಟ್ಟುಕೊಳ್ಳುವುದು. ನೀರು ಮೊಗೆಯುವ ಪಾತ್ರೆಯನ್ನು ದೋಣಿಗೇ ಹಗ್ಗದಿಂದ ಕಟ್ಟಿರಬೇಕು. ಮೃಗಶಿರ ಮಳೆ ಹಿಡಿದ ಮೇಲೆ ಹೊಳೆ ಏರುವ ತಿಂಗಳುಗಳಲ್ಲಿ ದೋಣಿ ದಡದಲ್ಲಿಯೇ. ಸೇತುವೆಯ ಸುತ್ತು ಎಷ್ಟೇ ದೂರವಿದ್ದರೂ ಆಗ ಅದೇ ದಾರಿ. ಒಳಗಿನ ಅಡ್ಡಮರಗಳೇ ಮುರಿದಿದ್ದರೆ, ಒಂದು ಮೊಳಕ್ಕಿಂತ ಉದ್ದ ಹಲಗೆ ಕೊಳೆತಿದ್ದರೆ, ಮನೆಯ ರಿಪೇರಿಗೆ ಕೈಹಾಕದೆ ಬಲ್ಲವರನ್ನು ಕರೆಯುವುದು. ಅವರೂ ಆಗದೆಂದರೆ ದೋಣಿಯನ್ನು ಬಿಡುವುದು. ಬಿಡಬೇಕಾದುದನ್ನು ಬಿಡುವುದೂ ಆರೈಕೆಯ ಒಂದು ಭಾಗವೇ.

ಅಂಬಿಗರ ಕಾಯಕ

ಈ ಹೊಳೆಗುಂಟ ಕೆಳಗೆ ಸಾಗಿದರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಚೌಡದಾನಪುರವೆಂಬ ಊರಿದೆ. ಮುಕ್ತೇಶ್ವರ ದೇಗುಲದಿಂದ ಪ್ರಸಿದ್ಧವಾದ ಆ ತುಂಗಭದ್ರೆಯ ತೀರವನ್ನು 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನವರ ನೆಲೆಯೆಂದು ನಾಡು ಗೌರವಿಸುತ್ತದೆ. ಹೊಳೆ ದಾಟಿಸುವುದೇ ಕಾಯಕವಾಗಿದ್ದ ಆ ನಿಷ್ಠುರ ವಚನಕಾರರು ತಮ್ಮ ವಚನಗಳಿಗೆ ಇಷ್ಟದೈವದ ಹೆಸರನ್ನಲ್ಲ, ಕಾಯಕವನ್ನು ಸೇರಿಸಿಕೊಂಡ ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟರು. ಚೌಡಯ್ಯನವರನ್ನು ಭವಸಾಗರ ದಾಟಿಸುವ ಅಂಬಿಗರೆಂದು ನಾವು ಸಭೆಗಳಲ್ಲಿ ಸ್ಮರಿಸುತ್ತೇವೆ, ಅದು ಯೋಗ್ಯವೇ. ಆದರೆ ನಿಜವಾದ ಹೊಳೆಯಲ್ಲಿ ನಿಜವಾದ ದೋಣಿಯನ್ನು ನಡೆಸುತ್ತಿದ್ದವರು ತಮ್ಮ ದೋಣಿಯ ಸಂದುಗಳನ್ನು ದಿನವೂ ಪರೀಕ್ಷಿಸದೆ ಇದ್ದಾರೆಯೇ? ತಮ್ಮನ್ನು ನಂಬಿ ಹತ್ತಿದವರನ್ನು ಕ್ಷೇಮವಾಗಿ ಇಳಿಸುವುದು ಆ ಕಾಯಕದ ಮೊದಲ ನೇಮವಲ್ಲವೇ? ಅಂಗಳದಲ್ಲಿ ಡಾಂಬರು ಕೆರೆಯುತ್ತ ಕುಳಿತಾಗ ನನಗೆ ಅನೇಕ ಬಾರಿ ಇದು ಹೊಳೆಯಿತು. ನನ್ನ ತಾಯಿ, ನನ್ನ ಮಗಳು ನನ್ನನ್ನು ನಂಬಿಯೇ ಆ ದಿನ ಹತ್ತಿದ್ದರು.

ಮತ್ತೆ ಹೊಳೆಗೆ

ಮೇ ತಿಂಗಳಲ್ಲಿ ದೋಣಿಯನ್ನು ಹೊಳೆಗೆ ಇಳಿಸಿದೆವು. ಇಳಿಸಿದ ದಿನವೇ ಹತ್ತಲಿಲ್ಲ. ದಡದ ಆಳವಿಲ್ಲದ ನೀರಿನಲ್ಲಿ ಎರಡು ದಿನ ಮುಳುಗಿಸಿಟ್ಟೆವು. ಒಣಗಿದ ಹಲಗೆಗಳು ನೀರು ಕುಡಿದು ಹಿಗ್ಗಿ ಸಂದುಗಳನ್ನು ತಾವೇ ಬಿಗಿದುಕೊಂಡವು. ಆಮೇಲೆ ನೀರನ್ನೆಲ್ಲ ಚೆಲ್ಲಿ, ಜನರ ಬದಲು ಮರಳಿನ ಚೀಲಗಳನ್ನು ಹೇರಿ, ದಡಕ್ಕೆ ಕಟ್ಟಿ ಒಂದು ಹಗಲು ಬಿಟ್ಟೆವು. ಸಂಜೆ ನೋಡಿದಾಗ ತಳದಲ್ಲಿ ಒಂದು ಬಟ್ಟೆಯಿಂದ ಒರೆಸುವಷ್ಟು ತೇವ ಮಾತ್ರ ಇತ್ತು.

ಮಗಳು ಒಂದು ನೋಟ್ ಪುಸ್ತಕ ಮಾಡಿದ್ದಾಳೆ. ಯಾವ ದಿನ ದೋಣಿ ಹೊರಟಿತು, ಎಷ್ಟು ಜನ, ಮರಳಿದಾಗ ತಳದಲ್ಲಿ ಎಷ್ಟು ನೀರು, ಖಾಲಿಯಿದ್ದಾಗ ಬಂದುದೋ ಹೊರೆಯಿದ್ದಾಗ ಬಂದುದೋ ಎಂದು ಅದರಲ್ಲಿ ಬರೆಯುತ್ತಾಳೆ. ನೀರು ಒಂದು ಬೆರಳು ಹೆಚ್ಚಿದರೆ ಮರುದಿನ ದೋಣಿ ಹೊರಡುವುದಿಲ್ಲ. ನಮ್ಮ ಕಣ್ಣು ಮರೆಯುವುದನ್ನು ಆ ಪುಸ್ತಕ ಮರೆಯುವುದಿಲ್ಲ.

ತಾಯಿಯವರು ಆರು ತಿಂಗಳು ಆ ದೋಣಿಯ ಹೆಸರೆತ್ತಿರಲಿಲ್ಲ. ಆದರೆ ಅಂಗಳದ ಕೆಲಸವನ್ನು ಪಡಸಾಲೆಯಲ್ಲಿ ಕುಳಿತು ದಿನವೂ ನೋಡುತ್ತಿದ್ದರು. ಮರಳಿನ ಚೀಲಗಳ ಪರೀಕ್ಷೆಯಾದ ಮರುದಿನ ಬೆಳಿಗ್ಗೆ, ಪೂಜೆ ಮುಗಿಸಿ, ಬುತ್ತಿಯ ಗಂಟು ಹಿಡಿದು ದಂಡೆಗೆ ಬಂದರು. ಅಜ್ಜನು ಅಲ್ಲಿಯೇ ಕಲ್ಲಿನ ಮೇಲೆ ಕುಳಿತಿದ್ದನು.

"ಕೂರಬಹುದಾ?" ಎಂದು ಅವರು ಕೇಳಿದ್ದು ನನ್ನನ್ನಲ್ಲ, ಅಜ್ಜನನ್ನು.

"ಜಾಕೀಟು ಹಾಕ್ಕೊಳ್ಳಿ ಅಮ್ಮಾರೆ, ಆಮೇಲೆ ಕೂತ್ಕೊಳ್ಳಿ" ಎಂದನು ಅಜ್ಜ.

ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಕರಡಿಗೆಯನ್ನು ಅದರ ಮೇಲೆ ಸರಿಪಡಿಸಿಕೊಂಡು, ತಾಯಿಯವರು ತಂದೆಯವರು ಕೂರುತ್ತಿದ್ದ ಹಲಗೆಯ ಮೇಲೆ ಕುಳಿತರು. ಆಚೆಯ ದಡ ಮುಟ್ಟುವವರೆಗೆ ಅವರ ದೃಷ್ಟಿ ಹೊಳೆಯ ಕಡೆಗೆ ಹೋಗಲಿಲ್ಲ. ದೋಣಿಯ ತಳದ ಮೇಲೆಯೇ ಇತ್ತು. ಇಳಿದ ಮೇಲೆ ಬಗ್ಗಿ, ಅಂಗೈಯಿಂದ ತಳವನ್ನು ಸವರಿ ನೋಡಿದರು. ಅಂಗೈ ಒಣಗಿತ್ತು.